ಜೈವಿಕ ಸಾರಜನಕ ಸ್ಥಿರೀಕರಣ

ಜೈವಿಕ ಸಾರಜನಕ ಸ್ಥಿರೀಕರಣ ಎಂದರೆ ವಾಯುಮಂಡಲದಲ್ಲಿರುವ ಸಾರಜನಕ ಅನಿಲವನ್ನು ಕೆಲವು ಸೂಕ್ಷ್ಮಾಣುಜೀವಿಗಳು ಸಸ್ಯಗಳಿಗೆ ದಕ್ಕುವ ಅಮೋನಿಯಾ ರೂಪಕ್ಕೆ ಪರಿವರ್ತಿಸುವ ಕ್ರಿಯೆ. ಗಾಳಿಯಲ್ಲಿ ಸುಮಾರು ಶೇ. 78ರಷ್ಟು ಸಾರಜನಕವಿದ್ದರೂ ಅದರ ಎರಡು ಪರಮಾಣುಗಳ ನಡುವಿನ ತ್ರಿಬಂಧವು ಬಹಳ ಬಲವಾದುದರಿಂದ ಸಸ್ಯಗಳು ಅದನ್ನು ನೇರವಾಗಿ ಬಳಸಲಾರವು.

ಕ್ರಿಯಾವಿಧಾನ

ದ್ವಿದಳ ಸಸ್ಯದ ಬೇರು ಫ್ಲೇವನಾಯ್ಡ್ ಎಂಬ ಸಂಯುಕ್ತಗಳನ್ನು ಸ್ರವಿಸುತ್ತದೆ. ಅದರಿಂದ ಆಕರ್ಷಿತವಾದ ರೈಜೋಬಿಯಂ ಬ್ಯಾಕ್ಟೀರಿಯಾಗಳು ಬೇರುರೋಮದ ಮೂಲಕ ಒಳಸೇರಿ ಬೇರುಗಂಟುಗಳನ್ನು ಉಂಟುಮಾಡುತ್ತವೆ. ಅಲ್ಲಿ ನೈಟ್ರೋಜಿನೇಸ್ ಕಿಣ್ವವು ಸಾರಜನಕವನ್ನು ಅಮೋನಿಯಾ ಆಗಿಸುತ್ತದೆ. ಪ್ರತಿಯಾಗಿ ಸಸ್ಯವು ಬ್ಯಾಕ್ಟೀರಿಯಾಗಳಿಗೆ ಸಕ್ಕರೆಯ ಅಂಶವನ್ನು ಒದಗಿಸುತ್ತದೆ. ಆಮ್ಲಜನಕವು ಈ ಕಿಣ್ವವನ್ನು ಕೆಡಿಸುವುದರಿಂದ ಲೆಗ್‌ಹಿಮೊಗ್ಲೋಬಿನ್ ಎಂಬ ಕೆಂಪು ವರ್ಣದ್ರವ್ಯವು ಅದರ ಪ್ರಮಾಣವನ್ನು ನಿಯಂತ್ರಿಸುತ್ತದೆ. ಆದ್ದರಿಂದ ಕ್ರಿಯಾಶೀಲ ಗಂಟನ್ನು ಸೀಳಿದಾಗ ಒಳಭಾಗ ನಸುಗೆಂಪಾಗಿರುತ್ತದೆ. ಜಂತುಹುಳುಗಳಿಂದಾಗುವ ಬೇರುಗಂಟು ರೋಗವು ಇದಕ್ಕಿಂತ ಭಿನ್ನ. ರೋಗದಲ್ಲಿ ಬೇರೇ ಊದಿಕೊಳ್ಳುತ್ತದೆ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಸುಲಭವಾಗಿ ಕಳಚುತ್ತದೆ.

ಇತಿಹಾಸ

ಬೇರುಗಂಟುಗಳ ಮೂಲಕ ದ್ವಿದಳ ಸಸ್ಯಗಳು ಗಾಳಿಯ ಸಾರಜನಕವನ್ನು ಪಡೆಯುತ್ತವೆಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ 1886ರಲ್ಲಿ ಪ್ರಕಟಪಡಿಸಿದರು. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಆ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದನು.

ಕರ್ನಾಟಕದ ಕೃಷಿಯಲ್ಲಿ

ಮೈಸೂರು ಸೀಮೆಯ ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಸಾವಯವ ಅಂಶವೂ ಸಾರಜನಕವೂ ಕಡಿಮೆ. ಇಲ್ಲಿ ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಅಲಸಂದೆ ಮುಂತಾದವನ್ನು ಬಿತ್ತುವ ಅಕ್ಕಡಿ ಪದ್ಧತಿ ರೂಢಿಯಲ್ಲಿದೆ. ಹುರುಳಿಯನ್ನೂ ಬೆಳೆ ಸರದಿಯಲ್ಲಿ ಬೆಳೆಯುತ್ತಾರೆ. ಕಾವೇರಿ ಬಯಲಿನ ಭತ್ತದ ಗದ್ದೆಗಳಲ್ಲಿ ಸೆಣಬು ಅಥವಾ ಡಯಾಂಚವನ್ನು ಬೆಳೆದು, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉಳುವುದು ಹಸಿರೆಲೆ ಗೊಬ್ಬರದ ಕ್ರಮ. ನೀರು ನಿಂತ ಗದ್ದೆಯಲ್ಲಿ ನೀಲಿ-ಹಸಿರು ಪಾಚಿಯೂ, ಅಜೋಲಾ ಎಂಬ ತೇಲುವ ಜರೀಗಿಡದ ಎಲೆಯೊಳಗಿನ ಅನಬೀನಾ ಪಾಚಿಯೂ ಇದೇ ಕಾರ್ಯವನ್ನು ಮಾಡುತ್ತವೆ. ರಾಗಿ, ಜೋಳ, ಕಬ್ಬುಗಳ ಬೇರಿನ ಬಳಿ ಅಜೋಸ್ಪಿರಿಲಂ, ಮಣ್ಣಿನಲ್ಲಿ ಸ್ವತಂತ್ರವಾಗಿ ಅಜಟೋಬ್ಯಾಕ್ಟರ್ ಬದುಕುತ್ತವೆ.

ಮಿತಿಗಳು

ದ್ವಿದಳ ಬೆಳೆ ಬೆಳೆದ ಮಾತ್ರಕ್ಕೆ ಮಣ್ಣು ಫಲವತ್ತಾಗುವುದಿಲ್ಲ. ಸ್ಥಿರೀಕರಿಸಿದ ಸಾರಜನಕದ ಬಹುಪಾಲು ಕಾಳಿನಲ್ಲಿ ಸಂಗ್ರಹವಾಗಿ ಕೊಯ್ಲಿನೊಡನೆ ಹೊಲದಿಂದ ಹೊರಹೋಗುತ್ತದೆ. ಗಿಡವನ್ನು ಬೇರುಸಹಿತ ಕಿತ್ತು ಹೊಟ್ಟನ್ನೂ ಒಯ್ದರೆ ಮಣ್ಣಿಗೆ ಉಳಿಯುವುದು ಅತ್ಯಲ್ಪ. ಬೇರು, ಎಲೆ, ಕಾಂಡಗಳು ಕೊಳೆತಾಗ ಅಥವಾ ಜಾನುವಾರುಗಳ ಗೊಬ್ಬರವಾಗಿ ಮರಳಿದಾಗಲಷ್ಟೇ ಮುಂದಿನ ಬೆಳೆಗೆ ಲಾಭ. ಹಾಗೆ ಬಿಡುಗಡೆಯಾದ ಅಮೋನಿಯಾವನ್ನು ನೈಟ್ರೋಸೊಮೊನಾಸ್ ಮತ್ತು ನೈಟ್ರೋಬ್ಯಾಕ್ಟರ್‌ಗಳು ನೈಟ್ರೇಟ್ ಆಗಿಸುತ್ತವೆ.

ಯೂರಿಯಾ ಹೆಚ್ಚಾಗಿ ಹಾಕಿದ ಹೊಲದಲ್ಲಿ ಗಂಟು ಕಟ್ಟುವುದು ಕುಗ್ಗುತ್ತದೆ. ರಂಜಕ ಮತ್ತು ಮಾಲಿಬ್ಡಿನಂ ಕೊರತೆ, ತೀವ್ರ ಆಮ್ಲೀಯತೆ, ಬರ ಇವೂ ಅಡ್ಡಿಯಾಗುತ್ತವೆ. ಬೆಳೆಗೆ ತಕ್ಕ ರೈಜೋಬಿಯಂ ತಳಿಯೂ ಅಗತ್ಯ: ಕಡಲೆಯದು ಸೋಯಾ ಅವರೆಗೆ ಒದಗುವುದಿಲ್ಲ. ಹೊಲಕ್ಕೆ ಹೊಸದಾದ ಬೆಳೆಯ ಬೀಜಕ್ಕೆ ಬೆಲ್ಲದ ದ್ರಾವಣದೊಡನೆ ಜೈವಿಕ ಗೊಬ್ಬರವನ್ನು ಲೇಪಿಸಿ, ನೆರಳಿನಲ್ಲಿ ಆರಿಸಿ, ಕೂಡಲೇ ಬಿತ್ತುವುದು ಇದೇ ಕಾರಣಕ್ಕೆ.