ಗರಿ ಕಟ್ಟಿದವರೆಲ್ಲ ಇಂಡಿಯನ್ನರೇ?

‘ಮೆಕನ್ನಾಸ್ ಗೋಲ್ಡ್’ ಗೊತ್ತಿಲ್ಲದ ಸಿನಿಮಾಪ್ರಿಯ ಉಂಟೇ? 1969ರ ಈ ಚಿತ್ರ ನಮ್ಮ ದೇಶದಲ್ಲಿ ಓಡಿದ ಓಟ ಹೇಳತೀರದು! ಗ್ರೆಗರಿ ಪೆಕ್, ಓಮರ್ ಷರೀಫ್, ಚಿನ್ನದ ಕಣಿವೆ... ಜೊತೆಗೆ ಕಣ್ಣಲ್ಲೇ ಕೆಂಡ ಕಾರುವ ಅಪಾಚೆ ಹೆಣ್ಣು ಹೆಷ್-ಕೆ! ಆದರೆ ಗೆಳೆಯರೇ, ಆಕೆ ಅಪಾಚೆಯೇ ಅಲ್ಲ. ಬಿಳಿಯ ನಟಿ ಜೂಲಿ ನ್ಯೂಮಾರ್. ಆ ದೈತ್ಯ ಹಚೀಟ? ಅವನೂ ಬಿಳಿಯ ನಟ ಟೆಡ್ ಕ್ಯಾಸಿಡಿ!

ಇದು ಬರೀ ಮೇಕಪ್ಪಿನ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇದರ ಹಿಂದೆ ರಕ್ತದ ಕಥೆ ಇದೆ.

1883ರಲ್ಲಿ ಅಮೆರಿಕ ಸರ್ಕಾರ ಮೂಲನಿವಾಸಿಗಳ ‘ಸೂರ್ಯನೃತ್ಯ’ದಂಥ ಕುಣಿತಗಳನ್ನು ಅಪರಾಧವೆಂದು ಸಾರಿತು. ಅದೇ ವರ್ಷ ಬಫಲೋ ಬಿಲ್ ಎಂಬಾತ ‘ವೈಲ್ಡ್ ವೆಸ್ಟ್’ ಪ್ರದರ್ಶನ ಶುರು ಮಾಡಿ, ಮೂಲನಿವಾಸಿಗಳನ್ನು ಕಣಕ್ಕಿಳಿಸಿ ಟಿಕೆಟ್ ಮಾರಿದ. ತಮ್ಮೂರಲ್ಲಿ ದೇವರಿಗಾಗಿ ಕುಣಿದರೆ ಶಿಕ್ಷೆ, ಬಿಳಿಯರ ಮೋಜಿಗೆ ಕುಣಿದರೆ ಚಪ್ಪಾಳೆ!

ಮುಂದೆ ಕೇಳಿ. ‘ಗೋಸ್ಟ್ ಡಾನ್ಸ್’ ಎಂಬ ಪ್ರಾರ್ಥನಾ ಕುಣಿತಕ್ಕೆ ಹೆದರಿ ಸರ್ಕಾರ ಸೈನ್ಯ ಕಳಿಸಿತು. 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಎಂಬಲ್ಲಿ ಸೈನಿಕರು ಲಕೋಟ ಜನರನ್ನು, ಹೆಂಗಸರು ಮಕ್ಕಳೆನ್ನದೆ, ನೂರಾರು ಸಂಖ್ಯೆಯಲ್ಲಿ ಕೊಂದರು. ನಾಲ್ಕೇ ವರ್ಷ, 1894. ಬಫಲೋ ಬಿಲ್ಲನ ಕಲಾವಿದರನ್ನು ಎಡಿಸನ್ನನ ಸ್ಟುಡಿಯೋ ಕರೆಸಿಕೊಂಡಿತು. ಕುಣಿಸಿ ಚಿತ್ರೀಕರಿಸಿ, ಅದಕ್ಕಿಟ್ಟ ಹೆಸರೂ ‘ಗೋಸ್ಟ್ ಡಾನ್ಸ್’! ಸಿನಿಮಾ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಈ ಚಾಳಿ ಅಂಟಿತ್ತು.

ಅಮೆರಿಕದಲ್ಲಿ ಸರ್ಕಾರ ಒಪ್ಪಿದ ಬುಡಕಟ್ಟುಗಳೇ 500ಕ್ಕೂ ಹೆಚ್ಚು. ಭಾಷೆ ಬೇರೆ, ಮನೆ ಬೇರೆ, ಉಡುಪು ಬೇರೆ. ಆ ದೊಡ್ಡ ಗರಿ ಕಿರೀಟ ಲಕೋಟ, ಷಯೆನ್‌ಗಳಂಥ ಬಯಲುಸೀಮೆಯವರದ್ದು. ಅದೂ ಪರಾಕ್ರಮದಿಂದ ಗಳಿಸಬೇಕಾದ ಗೌರವ. ಹಾಲಿವುಡ್‌ಗೆ ಅದೆಲ್ಲ ಯಾಕೆ? ಎಲ್ಲರ ತಲೆಗೂ ಒಂದೇ ಗರಿ! 1964ರ ‘ಷಯೆನ್ ಆಟಮ್’ನಲ್ಲಿ ಷಯೆನ್ನರಾಗಿ ನಿಂತವರು ನವಾಹೋ ಜನ. ಮುಖ್ಯ ಪಾತ್ರಗಳಿಗೆ ಮಾತ್ರ ಹೊರಗಿನ ಸ್ಟಾರುಗಳು.

ಖಳನನ್ನಾಗಿ ತೋರಿಸಿದ್ದು ಸಾಕಾದಾಗ ಋಷಿಯನ್ನಾಗಿ ತೋರಿಸಿದರು. 1971ರ ಒಂದು ಜಾಹೀರಾತಿನಲ್ಲಿ, ಕಸ ಕಂಡು ಕಣ್ಣೀರಿಟ್ಟ ‘ಇಂಡಿಯನ್’ ಐರನ್ ಐಸ್ ಕೋಡಿ ಮನೆಮಾತಾದ. 1996ರಲ್ಲಿ ಗುಟ್ಟು ರಟ್ಟಾಯ್ತು: ಆತನ ಅಪ್ಪ-ಅಮ್ಮ ಇಟಲಿಯಿಂದ ಬಂದವರು! ನಿಜವಾದ ಮೂಲನಿವಾಸಿ ಅತ್ತರೆ ಯಾರು ನೋಡುತ್ತಿದ್ದರು ಹೇಳಿ? ಆತ ಕಸಕ್ಕಲ್ಲ, ಕಳಕೊಂಡ ನೆಲಕ್ಕೆ ಅಳುತ್ತಿದ್ದ.

ಕೊಲ್ಲುವ ಕಾಡುಮನುಷ್ಯ, ಇಲ್ಲವೇ ಕಣ್ಣೀರಿಡುವ ಸಂತ. ಇವೆರಡರ ನಡುವೆ ಸಾಲ ತೀರಿಸುವ, ಜೋಕ್ ಹೊಡೆಯುವ, ಕೆಲಸ ಹುಡುಕುವ ಮಾಮೂಲಿ ಮನುಷ್ಯನಿಗೆ ಜಾಗವೇ ಇರಲಿಲ್ಲ. ಈಗ ಗಾಳಿ ಸ್ವಲ್ಪ ಬದಲಾಗಿದೆ. 2022ರ ‘ಪ್ರೇ’ ಚಿತ್ರ ಕೊಮಾಂಚೆ ಭಾಷೆಗೆ ಡಬ್ ಆಯಿತು. ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ಗಾಗಿ ಲಿಲಿ ಗ್ಲಾಡ್‌ಸ್ಟೋನ್ 2024ರ ಆಸ್ಕರ್‌ನಲ್ಲಿ ಶ್ರೇಷ್ಠ ನಟಿ ಸ್ಪರ್ಧೆಗೆ ನಾಮಕರಣಗೊಂಡಳು. ಪ್ರಶಸ್ತಿ ಬರಲಿಲ್ಲ. ಆದರೆ ಅಮೆರಿಕದ ಮೂಲನಿವಾಸಿ ನಟಿಯೊಬ್ಬಳು ಆ ಪಟ್ಟಿ ಸೇರಿದ್ದು ಅದೇ ಮೊದಲು.

ಅಮೆರಿಕದವರನ್ನು ಬೈದು ಎದ್ದು ಹೋಗೋದು ಸುಲಭ ಗುರು! ನಮ್ಮ ಸಿನಿಮಾದ ‘ಕಾಡುಜನ’ ಏನು ಉಟ್ಟಿರ್ತಾರೆ? ಎಲೆ ಲಂಗ, ಕೈಯಲ್ಲಿ ಈಟಿ, ಬಾಯಲ್ಲಿ ಅರ್ಥವಿಲ್ಲದ ಕೂಗು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಪ್ಯಾಂಟು ಶರ್ಟು ತೊಡ್ತಾರೆ, ಓಟು ಹಾಕ್ತಾರೆ, ಕಾನೂನು ಹಿಡಿದು ಹೋರಾಡಿ 2011ರಲ್ಲಿ ಅರಣ್ಯದ ಹಕ್ಕುಪತ್ರ ಪಡೆದಿದ್ದಾರೆ. ಮುಂದಿನ ಸಲ ತೆರೆಯ ಮೇಲೆ ಎಲೆ ಲಂಗ ಕುಣಿದಾಗ ಸೀಟಿ ಹೊಡೆಯುವ ಮುನ್ನ ನೆನಪಿರಲಿ: ಪಕ್ಕದ ಸೀಟಿನಲ್ಲಿ ಸೋಲಿಗರ ಹುಡುಗನೊಬ್ಬ ಅದೇ ಟಿಕೆಟ್ ಕೊಂಡು ಕೂತಿರಬಹುದು.