ಮೊಸರುಬಜ್ಜಿ, ಸಾಸಿವೆ, ತಂಬುಳಿ: ಹೆಸರಿನಲ್ಲಡಗಿದ ಪಾಕಕ್ರಮ

ನಾಂಪಲ್ಲಿಯ ರೈಲು ನಿಲ್ದಾಣದಿಂದ ಮೊಜಂಜಾಹಿ ಮಾರುಕಟ್ಟೆಯ ಕಡೆಗೆ ಹೋಗುವ ದಾರಿಯಲ್ಲಿ ಯಾವುದಾದರೊಂದು ಹೋಟೆಲನ್ನು ಹೊಕ್ಕು ಬಿರಿಯಾನಿಯನ್ನೋ ತರಕಾರಿ ಪಲಾವನ್ನೋ ಕೇಳಿದರೆ, ಅದರ ಜೊತೆಗೆ ಕೇಳದೆಯೇ ಒಂದು ಬಟ್ಟಲು ಬರುತ್ತದೆ. ತೆಳ್ಳಗೆ ಕಡೆದ ಮೊಸರು, ಅದರಲ್ಲಿ ಈರುಳ್ಳಿಯ ಚೂರು, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ. ಬಡಿಸುವವನು ಅದನ್ನು 'ದಹೀ ಕೀ ಚಟ್ನಿ' ಎನ್ನುತ್ತಾನೆ. ಬೆಲೆಯ ಪಟ್ಟಿಯಲ್ಲಿ ಅದೇ 'ರಾಯತ'ವಾಗಿರುತ್ತದೆ. ಪಕ್ಕದ ಮೇಜಿನ ತೆಲುಗು ಕುಟುಂಬಕ್ಕೆ ಅದು 'ಪೆರುಗು ಪಚ್ಚಡಿ'. ಕನ್ನಡಿಗನಾದವನು ಮನಸ್ಸಿನಲ್ಲಿ 'ಮೊಸರುಬಜ್ಜಿ' ಎಂದುಕೊಂಡು ಬಾಯಲ್ಲಿ 'ರಾಯತ' ಎನ್ನುತ್ತಾನೆ.

ಕೆಲವು ತಿಂಗಳ ಹಿಂದೆ, ಈ ನಗರದಲ್ಲಿಯೇ ಹುಟ್ಟಿ ಬೆಳೆದ ನಮ್ಮ ಬಂಧುಗಳ ಮಗಳೊಬ್ಬಳು ಊಟಕ್ಕೆ ಬಂದಿದ್ದಾಗ, ಒಳಗಿನಿಂದ "ಮೊಸರುಬಜ್ಜಿ ಬಡಿಸು" ಎಂಬ ಮಾತು ಕೇಳಿಬಂದಿತು. ಹುಡುಗಿ ನನ್ನ ಕಡೆ ತಿರುಗಿ, "ದೊಡ್ಡಪ್ಪ, ಮೆಣಸಿನಕಾಯಿ ಬಜ್ಜಿಯನ್ನು ಮೊಸರಿನಲ್ಲಿ ನೆನೆಹಾಕುತ್ತಾರೆಯೆ?" ಎಂದು ಕೇಳಿದಳು. ಎಲ್ಲರೂ ನಕ್ಕೆವು. ನಕ್ಕ ಮೇಲೆ ಯೋಚಿಸಿದಾಗ ಆ ಪ್ರಶ್ನೆಯಲ್ಲಿ ತಪ್ಪೇನೂ ಕಾಣಲಿಲ್ಲ. ಅವಳಿಗೆ ತಿಳಿದಿದ್ದ ಬಜ್ಜಿ ಒಂದೇ, ಎಣ್ಣೆಯಲ್ಲಿ ಕರಿದದ್ದು. ಸುಟ್ಟು ಕಿವುಚಿದ ಕಾಯಿಗೂ ಬಜ್ಜಿಯೆಂಬ ಹೆಸರುಂಟೆಂಬುದನ್ನು ಅವಳಿಗೆ ಹೇಳಿದವರಿರಲಿಲ್ಲ.

ಒಂದು ಹೆಸರಿನ ಬದಲಿಗೆ ಇನ್ನೊಂದು ಹೆಸರು ಬಂದರೆ ಅಷ್ಟಾಗಿ ಚಿಂತಿಸಬೇಕಾದುದಿಲ್ಲ. ಆದರೆ ನಾಲ್ಕು ಹೆಸರುಗಳ ಸ್ಥಾನದಲ್ಲಿ ಒಂದೇ ಹೆಸರು ನಿಂತರೆ, ಅವುಗಳೊಂದಿಗಿದ್ದ ನಾಲ್ಕು ಪಾಕಕ್ರಮಗಳಲ್ಲಿ ಮೂರು ಮರೆತುಹೋಗುತ್ತವೆ. ಮೊಸರಿನಿಂದಾಗುವ ನಮ್ಮ ತಂಪು ವ್ಯಂಜನಗಳ ವಿಷಯದಲ್ಲಿ ಇದು ಹೇಗೆ ನಿಜವೆಂಬುದನ್ನು, ಅವುಗಳನ್ನು ಮನೆಯಲ್ಲಿ ಮಾಡುವ ಬಗೆಯೊಡನೆಯೇ ವಿವರಿಸುವುದು ಈ ಲೇಖನದ ಉದ್ದೇಶ.

೧. ಹೆಸರು ಮತ್ತು ಅಳತೆ

ಹೆಸರಿನಲ್ಲಿಯೇ ಕ್ರಮವನ್ನು ಅಡಗಿಸಿಡುವ ಪದ್ಧತಿ ನಮ್ಮಲ್ಲಿ ಹಳೆಯದು. ನೀರು ಬೆರೆಸದೆ ಕಡೆದ ಮೊಸರು 'ಮಥಿತ', ಕಾಲುಭಾಗ ನೀರು ಸೇರಿದ್ದು 'ತಕ್ರ', ಅರ್ಧ ನೀರು ಸೇರಿದ್ದು 'ಉದಶ್ವಿತ್' ಎಂದು ಅಮರಕೋಶ ವಿಂಗಡಿಸುತ್ತದೆ. ಪದವನ್ನು ಬಲ್ಲವನಿಗೆ ಅಳತೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿಯೂ ಪಾಕಶಾಸ್ತ್ರವನ್ನು ವಿದ್ಯೆಯಾಗಿ ಎಣಿಸಿದವರಿದ್ದಾರೆ. ೧೧ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನ ಕೊಟ್ಟನು. ೧೬ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಸ್ವತಂತ್ರ ಪದ್ಯಗ್ರಂಥವನ್ನೇ ರಚಿಸಿದನು. ಹೈದರಾಬಾದಿನ ಕನ್ನಡಿಗರಿಗೆ ಇನ್ನೂ ಹತ್ತಿರದ ಹೆಸರು ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನದು. ೧೨ನೆಯ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಹಾಲು, ಮೊಸರು, ಮಜ್ಜಿಗೆಗಳ ವಿಚಾರವೂ ಬರುತ್ತದೆ. ಅವನ ರಾಜಧಾನಿಯಾದ ಕಲ್ಯಾಣವು ಇಂದು ಬೀದರ ಜಿಲ್ಲೆಯ ಬಸವಕಲ್ಯಾಣ. ೧೯೫೬ರ ನವೆಂಬರ್ ೧ರವರೆಗೆ ಅದು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದಿತು.

೨. ಮೊದಲು ಮೊಸರು

ವ್ಯಂಜನ ಯಾವುದೇ ಇರಲಿ, ಅದರ ಗುಣ ಮೊಸರಿನ ಗುಣವನ್ನು ಮೀರಲಾರದು. ಹಾಲಿನ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ಆಮ್ಲವನ್ನಾಗಿ ಮಾರ್ಪಡಿಸುತ್ತವೆ; ಆಮ್ಲತೆ ಒಂದು ಮಟ್ಟಕ್ಕೆ, ಎಂದರೆ ಪಿ.ಎಚ್. ೪.೬ರ ಸುಮಾರಿಗೆ, ಬಂದಾಗ ಕೇಸೀನ್ ಎಂಬ ಸಸಾರಜನಕ ಬಲೆಯಂತೆ ಹೆಣೆದುಕೊಂಡು ಹಾಲು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮೇಲೆಯೂ ಆ ಜೀವಿಗಳ ಕೆಲಸ ನಿಲ್ಲುವುದಿಲ್ಲ. ಮೇ ತಿಂಗಳಲ್ಲಿ ೪೦ ಡಿಗ್ರಿಯನ್ನು ಮುಟ್ಟುವ ಈ ನಗರದ ಸೆಕೆಯಲ್ಲಿ, ಬೆಳಗ್ಗೆ ಸಿಹಿಯಾಗಿದ್ದ ಮೊಸರು ಮಧ್ಯಾಹ್ನಕ್ಕೆ ಹುಳಿಯಾಗುವುದು ಇದರಿಂದಲೇ.

ಆದುದರಿಂದ ಊರಿನ ಅಳತೆ ಇಲ್ಲಿಗೆ ಹೊಂದುವುದಿಲ್ಲ. ಕಾಯಿಸಿದ ಅರ್ಧ ಲೀಟರು ಹಾಲು, ಬೆರಳು ಅದ್ದಿದರೆ ಹಿತವೆನಿಸುವಷ್ಟು ಉಗುರುಬೆಚ್ಚಗಾದಾಗ, ಚಳಿಗಾಲದಲ್ಲಿ ಎರಡು ಟೀ ಚಮಚ ಹೆಪ್ಪು ಬೇಕು; ಬೇಸಗೆಯಲ್ಲಿ ಅರ್ಧ ಚಮಚ ಸಾಕು. ಬೇಸಗೆಯಲ್ಲಿ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಡುವುದೂ, ನಾಲ್ಕೈದು ಗಂಟೆಗಳಲ್ಲಿ ಹೆಪ್ಪುಗಟ್ಟಿದೊಡನೆ ಶೀತಕಪೆಟ್ಟಿಗೆಗೆ ಸೇರಿಸುವುದೂ ಒಳ್ಳೆಯದು. ಚಳಿಗಾಲದಲ್ಲಿ ಬಟ್ಟೆ ಸುತ್ತಿ ರಾತ್ರಿಯೆಲ್ಲ ಬಿಡಬೇಕು.

೩. ಮೊಸರುಬಜ್ಜಿ ಮತ್ತು ಪಚಡಿ

ಮೊಸರುಬಜ್ಜಿಯ ಮೂಲರೂಪದಲ್ಲಿ ಬೆಂಕಿಯ ಕೆಲಸವಿದೆ. ದುಂಡನೆಯ ದೊಡ್ಡ ಬದನೆಕಾಯಿಗೆ ಎಣ್ಣೆ ಸವರಿ, ಸಿಪ್ಪೆ ಕಪ್ಪಾಗಿ ಒಳಗೆ ಮೆತ್ತಗಾಗುವವರೆಗೆ ಕೆಂಡದ ಮೇಲೆ ಅಥವಾ ಗ್ಯಾಸ್ ಒಲೆಯ ಉರಿಯಲ್ಲಿ ಸುಡಬೇಕು. ಸಿಪ್ಪೆ ಬಿಡಿಸಿ ಕಿವುಚಿದರೆ ಅದೇ ಬಜ್ಜಿ. ಇದು ಪೂರ್ಣವಾಗಿ ಆರಿದ ಮೇಲೆ ಎರಡು ಲೋಟ ಗಟ್ಟಿ ಮೊಸರು, ಉಪ್ಪು, ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪುಗಳೊಡನೆ ಬೆರೆಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಬಿಸಿ ಇರುವಾಗಲೇ ಬೆರೆಸಿದರೆ ಮೊಸರಿನ ಬಲೆ ಕುಗ್ಗಿ ನೀರೊಡೆಯುತ್ತದೆ. ಈರುಳ್ಳಿ, ಸೌತೆಕಾಯಿಗಳಿಂದ ಮಾಡಿದ್ದಕ್ಕೂ ಈ ಹೆಸರು ಈಗ ಸಲ್ಲುತ್ತದೆಯಾದರೂ, ಬಜ್ಜಿಯೆಂಬ ಮಾತಿಗೆ ಪೂರ್ಣಾರ್ಥ ಬರುವುದು ಸುಟ್ಟ ಕಾಯಿಯಲ್ಲಿ.

ಹೈದರಾಬಾದಿನ ಬಿರಿಯಾನಿಯ ಜೊತೆಗೆ ಬರುವ ಬೆಳ್ಳುಳ್ಳಿಯ ಮೊಸರಿಗೆ 'ಬುರಾನಿ' ಎಂಬ ಹೆಸರಿದೆ. ಕ್ರಿ.ಶ. ೮೨೫ರಲ್ಲಿ ಬಗದಾದಿನ ಖಲೀಫ ಅಲ್-ಮಾಮೂನನನ್ನು ವರಿಸಿದ ಬೂರಾನಳ ಹೆಸರಿನಿಂದ ಇದು ಬಂದಿತೆಂದು ಪರಂಪರೆ ಹೇಳುತ್ತದೆ. ಹಳೆಯ ಅರಬೀ ಪಾಕಗ್ರಂಥಗಳಲ್ಲಿ ಬೂರಾನಿಯವೆಂದರೆ ಎಣ್ಣೆಯಲ್ಲಿ ಹುರಿದ ಬದನೆಕಾಯಿಯ ಅಡಿಗೆ. ಇರಾನಿನಲ್ಲಿ ಮೊಸರು ಮುಖ್ಯವಾಯಿತು. ನಮ್ಮ ನಗರಕ್ಕೆ ಬರುವ ವೇಳೆಗೆ ಬದನೆಕಾಯಿ ಬಿಟ್ಟುಹೋಗಿ ಮೊಸರು ಮಾತ್ರ ಉಳಿಯಿತು. ಕ್ರಮ ಮರೆತು ಹೆಸರು ಮಾತ್ರ ಉಳಿದುದಕ್ಕೆ ಇದೊಂದು ನಿದರ್ಶನ.

ಪಚಡಿಯಲ್ಲಿ ಬೆಂಕಿಯಿಲ್ಲ. ತೆಲುಗಿನಲ್ಲಿ 'ಪಚ್ಚಿ' ಎಂದರೆ ಹಸಿ. ಪಚಡಿಯಲ್ಲಿ ಆ ಅರ್ಥದ ನೆನಪಿರುವಂತೆ ತೋರುತ್ತದೆ. ಕಲಬುರಗಿ, ರಾಯಚೂರು, ಧಾರವಾಡಗಳ ಕಡೆ ಸವತಿಕಾಯಿಯನ್ನೋ ಎಳೆಯ ಮೆಂತ್ಯದ ಸೊಪ್ಪನ್ನೋ ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ ಅಥವಾ ಗುರೆಳ್ಳು ಪುಡಿ ಬೆರೆಸಿ, ಮೊಸರಿನೊಡನೆಯೋ ಮೊಸರಿಲ್ಲದೆಯೋ ಜೋಳದ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ಇಲ್ಲಿ ಎಚ್ಚರ ಬೇಕಾದುದು ಉಪ್ಪಿನ ವಿಷಯದಲ್ಲಿ. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ೯೫ ಭಾಗ ನೀರು. ಉಪ್ಪು ತಾಗಿದೊಡನೆ ಆ ನೀರು ಹೊರಬರುತ್ತದೆ. ಮೊದಲೇ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ ಬೆರೆಸಬೇಕು. ಇಲ್ಲವೆ ಎಲೆಗೆ ಬಡಿಸುವಾಗ ಉಪ್ಪು ಹಾಕಬೇಕು. ಎರಡನ್ನೂ ಮಾಡದಿದ್ದರೆ ಅರ್ಧ ಗಂಟೆಯಲ್ಲಿ ಪಚಡಿ ನೀರುಮಜ್ಜಿಗೆಯಾಗುತ್ತದೆ.

೪. ಸಾಸಿವೆ ಎಂಬ ವ್ಯಂಜನ, ರಾಯತ ಎಂಬ ಹೆಸರು

ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ 'ಸಾಸಿವೆ' ಎಂದರೆ ಡಬ್ಬಿಯಲ್ಲಿರುವ ಕಾಳು ಮಾತ್ರವಲ್ಲ, ಎಲೆಯ ಮೇಲೆ ಬರುವ ವ್ಯಂಜನವೂ ಹೌದು. ಕೆಲವೆಡೆ ಅದನ್ನೇ 'ಸಾಸಮೆ' ಎನ್ನುತ್ತಾರೆ. ಸೌತೆಕಾಯಿ ಸಾಸಿವೆ, ಬಾಳೆದಿಂಡಿನ ಸಾಸಿವೆ, ಕಾಡುಮಾವಿನ ಹಣ್ಣಿನ ಸಾಸಿವೆ ಮುಂತಾಗಿ ಅದರ ಬಗೆಗಳು ಅನೇಕ. ಇದರಲ್ಲಿ ಸಾಸಿವೆಯನ್ನು ಹಸಿಯಾಗಿಯೇ ಅರೆಯುತ್ತಾರೆ. ಅರ್ಧ ಬಟ್ಟಲು ತೆಂಗಿನ ತುರಿ, ಒಂದೆರಡು ಮೆಣಸಿನಕಾಯಿಗಳನ್ನು ತಣ್ಣೀರು ಹಾಕಿ ನುಣ್ಣಗೆ ಅರೆದು, ಕೊನೆಯಲ್ಲಿ ಅರ್ಧ ಟೀ ಚಮಚ ಸಾಸಿವೆ ಸೇರಿಸಿ ಅರೆದು, ಐದು ನಿಮಿಷ ಬಿಟ್ಟು, ಹೆಚ್ಚಿದ ಕಾಯಿ ಮತ್ತು ಮೊಸರಿಗೆ ಬೆರೆಸಬೇಕು. ಹಣ್ಣಿನದಾದರೆ ಸ್ವಲ್ಪ ಬೆಲ್ಲ ಕೂಡಬೇಕು.

ಐದು ನಿಮಿಷ ಬಿಡಬೇಕೆಂಬುದಕ್ಕೆ ಕಾರಣವಿದೆ. ಸಾಸಿವೆಯ ಘಾಟು ಕಾಳಿನಲ್ಲಿ ಸಿದ್ಧವಾಗಿರುವುದಿಲ್ಲ. ಸಿನಿಗ್ರಿನ್ ಎಂಬ ವಸ್ತುವೂ ಮೈರೋಸಿನೇಸ್ ಎಂಬ ಕಿಣ್ವವೂ ಕಾಳಿನೊಳಗೆ ಬೇರೆ ಬೇರೆಯಾಗಿರುತ್ತವೆ. ಕಾಳು ಒಡೆದು ನೀರು ಸೋಕಿದಾಗ ಅವು ಕೂಡಿ, ಮೂಗಿಗೇರುವ ಘಾಟು ಹುಟ್ಟುತ್ತದೆ. ಕಾದ ಎಣ್ಣೆಯಲ್ಲಿ ಕಿಣ್ವ ನಾಶವಾಗುತ್ತದೆ. ಹುಳಿ ಬೇಗನೆ ಸೇರಿದರೆ ಅದರ ಕೆಲಸ ಕುಂಠಿತವಾಗುತ್ತದೆ. ಹೀಗಾಗಿ ಒಗ್ಗರಣೆಯ ಸಾಸಿವೆಯೂ ಅರೆದ ಸಾಸಿವೆಯೂ ಒಂದೇ ಕಾಳಿನವಾದರೂ ರುಚಿಯಲ್ಲಿ ಎರಡು ಪದಾರ್ಥಗಳು. 'ಸೌತೆಕಾಯಿ ಸಾಸಿವೆ ಮಾಡು' ಎಂಬ ಮಾತನ್ನು 'ಸೌತೆಕಾಯಿಗೆ ಸಾಸಿವೆಯ ಒಗ್ಗರಣೆ ಹಾಕು' ಎಂದು ತಿಳಿದವರು ಮಾಡುವುದು ಬೇರೆಯೇ ವ್ಯಂಜನ.

ಇನ್ನು 'ರಾಯತ'ದ ಕಡೆ ನೋಡೋಣ. ಹಿಂದೀ-ಉರ್ದು ನಿಘಂಟುಗಳು ಈ ಮಾತನ್ನು 'ರಾಯೀ' ಎಂಬುದಕ್ಕೆ ಸಂಬಂಧಿಸುತ್ತವೆ. ರಾಯೀ ಎಂದರೆ ಸಾಸಿವೆ, ಸಂಸ್ಕೃತದ 'ರಾಜಿಕಾ'. ನಮ್ಮ 'ಸಾಸಿವೆ'ಯೂ ಸಂಸ್ಕೃತದ 'ಸರ್ಷಪ'ದಿಂದ ಪ್ರಾಕೃತದ ಮೂಲಕ ಬಂದುದೇ. ಉತ್ತರ ದೇಶದವರು ಮೊಸರಿನ ವ್ಯಂಜನಕ್ಕೆ ಯಾವ ಕಾಳಿನ ಹೆಸರಿಟ್ಟರೋ, ಸಹ್ಯಾದ್ರಿಯ ನಮ್ಮ ಜನರೂ ಅದೇ ಕಾಳಿನ ಹೆಸರನ್ನು ಅಂಥದೇ ವ್ಯಂಜನಕ್ಕೆ ಇಟ್ಟರು. ರಾಯತವೆಂಬುದು ಪರಕೀಯವೆಂದು ಮುನಿಯುವವರು ಇದನ್ನು ಗಮನಿಸಬೇಕು. ಹೋಟೆಲಿನ ರಾಯತದಲ್ಲಿ ಇಂದು ಅರೆದ ಸಾಸಿವೆ ಅಪರೂಪ. ಹೆಸರಿನ ಅರ್ಥ ಅಲ್ಲಿ ಮರೆತುಹೋಗಿದೆ. ನಮ್ಮ ಮಲೆನಾಡಿನ ಅಡಿಗೆಮನೆಯಲ್ಲಿ ಇನ್ನೂ ಉಳಿದಿದೆ.

೫. ತಂಬುಳಿಯೂ ತಂಪೂ

'ತಣ್' ಎಂದರೆ ತಂಪು, 'ಪುಳಿ' ಎಂದರೆ ಹುಳಿ. ಎರಡೂ ಸೇರಿ ತಂಬುಳಿ. ಒಂದು ಹಿಡಿ ಒಂದೆಲಗದ ಸೊಪ್ಪನ್ನು ಒಂದು ಚಮಚ ತುಪ್ಪದಲ್ಲಿ, ಅರ್ಧ ಚಮಚ ಜೀರಿಗೆ ಮತ್ತು ಐದಾರು ಕಾಳುಮೆಣಸಿನೊಡನೆ ಬಾಡಿಸಿ, ಆರಿದ ಮೇಲೆ ಕಾಲು ಬಟ್ಟಲು ತೆಂಗಿನ ತುರಿಯೊಡನೆ ಅರೆದು, ಎರಡು ಲೋಟ ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕಬೇಕು. ಮತ್ತೆ ಒಲೆಯ ಮೇಲಿಡಬಾರದು. ಒಂದೆಲಗ ಇಲ್ಲಿ ಸಿಕ್ಕದಿದ್ದರೆ ಕುಂಡದಲ್ಲಿ ಬೆಳೆಯುವ ದೊಡ್ಡಪತ್ರೆಯಾಗಲಿ, ಅರ್ಧ ಚಮಚ ಮೆಂತ್ಯದ ಕಾಳಾಗಲಿ ಸಾಕು. ತಂಬುಳಿಯನ್ನು ನೆಚ್ಚಿಕೊಳ್ಳುವುದಲ್ಲ, ಅನ್ನಕ್ಕೆ ಕಲಸಿ ಉಣ್ಣುವುದು.

ಮೊಸರು ತಂಪೆಂಬುದು ಲೋಕಾಭಿಪ್ರಾಯ. ಆಯುರ್ವೇದದ ಮತ ಹಾಗಿಲ್ಲವೆಂಬುದು ಅನೇಕರಿಗೆ ಆಶ್ಚರ್ಯವಾಗಬಹುದು. ಚರಕಸಂಹಿತೆ ಮೊಸರನ್ನು ಉಷ್ಣವೀರ್ಯವೆಂದು ಎಣಿಸುತ್ತದೆ. ಶರತ್ತು, ಗ್ರೀಷ್ಮ, ವಸಂತಗಳಲ್ಲಿ ಅದನ್ನು ಪ್ರಾಯಶಃ ನಿಂದ್ಯವೆನ್ನುತ್ತದೆ. ರಾತ್ರಿ ತಿನ್ನಬಾರದೆಂದೂ, ತುಪ್ಪ-ಸಕ್ಕರೆ, ಹೆಸರುಬೇಳೆಯ ಸಾರು, ಜೇನು, ನೆಲ್ಲಿಕಾಯಿಗಳಂತಹ ಜೊತೆಯಿಲ್ಲದೆ ಬರಿಯ ಮೊಸರು ಸಲ್ಲದೆಂದೂ ವಿಧಿಸುತ್ತದೆ. ಈ ವಿಧಿಯ ಬೆಳಕಿನಲ್ಲಿ ತಂಬುಳಿಯನ್ನು ನೋಡಿದರೆ ಅದರ ರಚನೆ ಅರ್ಥಪೂರ್ಣವೆನಿಸುತ್ತದೆ. ಅಲ್ಲಿ ಗಟ್ಟಿ ಮೊಸರಿಲ್ಲ, ನೀರು ಕೂಡಿದ ಮಜ್ಜಿಗೆಯಿದೆ, ತುಪ್ಪವಿದೆ, ಸೊಪ್ಪಿದೆ, ನೆಲ್ಲಿಕಾಯಿಯ ತಂಬುಳಿಯೂ ಉಂಟು.

ಇಂದಿನ ವಿಜ್ಞಾನ ಇನ್ನೊಂದು ಕಡೆಯಿಂದ ಬೆಳಕು ಬೀರುತ್ತದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ಸುಮಾರು ೪೩ ಡಿಗ್ರಿಗೆ ಮೇಲ್ಪಟ್ಟ ಬಿಸಿಯನ್ನು ಅರಿಯುವ ಗ್ರಾಹಕಗಳನ್ನೇ ಬಾಯಿಯಲ್ಲಿ ಕೆರಳಿಸುತ್ತದೆ. ಆದುದರಿಂದ ಖಾರವು 'ಉರಿ'ಯುವುದು ಬರಿಯ ಅಲಂಕಾರದ ಮಾತಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ. ಕೊಬ್ಬಿನಲ್ಲಿ ಕರಗುತ್ತದೆ, ಕೇಸೀನಿಗೆ ಅಂಟಿಕೊಳ್ಳುತ್ತದೆ. ಮಿರ್ಚಿ ಕಾ ಸಾಲನ್ ಬಂದ ಎಲೆಗೆ ದಹೀ ಕೀ ಚಟ್ನಿಯೂ ಏಕೆ ಬರಬೇಕೆಂಬುದು ಇದರಿಂದ ತಿಳಿಯುತ್ತದೆ. ನೀರು ಕುಡಿದವನ ಉರಿ ಆರದು, ಮೊಸರು ತಿಂದವನ ಉರಿ ಆರುತ್ತದೆ.

೬. ಒಂದು ವಿನಂತಿ

ಮೇಲಿನ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಭೇದ ಸ್ಪಷ್ಟವಾಗುತ್ತದೆ. ಮೊಸರುಬಜ್ಜಿಯಲ್ಲಿ ಕಾಯಿ ಸುಟ್ಟದ್ದು, ಪಚಡಿಯಲ್ಲಿ ಹಸಿಯದು, ಸಾಸಿವೆಯಲ್ಲಿ ಅರೆದ ಕಾಳಿನ ಘಾಟು, ತಂಬುಳಿಯಲ್ಲಿ ಸೊಪ್ಪು, ನೀರಾದ ಮಜ್ಜಿಗೆ. ಇವೆಲ್ಲಕ್ಕೂ 'ರಾಯತ' ಎಂದುಬಿಟ್ಟರೆ, ಮುಂದಿನವರು ಮಾಡುವುದು ಎಲ್ಲಕ್ಕಿಂತ ಸುಲಭವಾದುದನ್ನು: ಮೊಸರಿಗೆ ಈರುಳ್ಳಿ ಹೆಚ್ಚಿ ಹಾಕುವುದನ್ನು. ಅದೂ ರುಚಿಯೇ; ಆದರೆ ಅದಷ್ಟೇ ಉಳಿಯಬಾರದು.

ಹೊರನಾಡಿನಲ್ಲಿರುವ ನಮಗೆ ಈ ವಿಷಯದಲ್ಲಿ ಒಂದು ಅನುಕೂಲವೂ ಇದೆ. ಊರಿನಲ್ಲಿ ಸಾಗರದವರು ಸುರಪುರದವರ ಮನೆಯಲ್ಲಿ ಉಣ್ಣುವ ಸಂದರ್ಭ ವಿರಳ. ಇಲ್ಲಿ ಸಂಘದ ಒಂದೇ ಪಂಕ್ತಿಯಲ್ಲಿ ತಂಬುಳಿಯ ಕಡೆಯವರೂ ಪಚಡಿಯ ಕಡೆಯವರೂ ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ವಾಚಕರು ತಮ್ಮ ಮನೆಯ ಹಿರಿಯರನ್ನು ಕೇಳಿ, ಮೊಸರಿನ ವ್ಯಂಜನಗಳ ಹೆಸರು, ಊರು, ಕಾಯಿಯನ್ನು ಸುಡುವರೋ ಬೇಯಿಸುವರೋ ಹಸಿಯಾಗಿ ಹಾಕುವರೋ, ಸಾಸಿವೆಯನ್ನು ಅರೆಯುವರೋ ಸಿಡಿಸುವರೋ ಎಂಬಿಷ್ಟನ್ನು ಒಂದು ಕಾಗದದಲ್ಲಿ ಬರೆದು ಪತ್ರಿಕೆಗೆ ಕಳುಹಿಸಿದರೆ, ಯಾವ ನಿಘಂಟಿನಲ್ಲಿಯೂ ದೊರೆಯದ ಒಂದು ಪದಪಟ್ಟಿ ಸಿದ್ಧವಾದೀತು. ಕೇಳಬೇಕಾದವರು ಬಹುತೇಕ ಮುದುಕರು. ಬೇಗನೆ ಕೇಳುವುದು ಒಳ್ಳೆಯದು.