ಪ್ಯಾರಿಸ್ಸಿನಲ್ಲಿ ಒಂದು ದಿನದ ಖರ್ಚು

ಫ್ರಾನ್ಸಿನ ಮಹಾಕ್ರಾಂತಿಯ ಪಾಠ ಮುಗಿದ ದಿನ ನಮ್ಮ ಇತಿಹಾಸದ ಅಧ್ಯಾಪಕರು, “ಬಾಸ್ಟಿಲ್ ಕೋಟೆಯ ಬಗೆಗೆ ಪುಟಗಟ್ಟಲೆ ಬರೆಯುತ್ತೀರಲ್ಲ, ಆ ಊರನ್ನೊಮ್ಮೆ ನೋಡಬೇಕೆಂದು ನಿಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲವೇ?” ಎಂದು ಕೇಳಿದರು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನಗೇಕೆ ಪ್ಯಾರಿಸ್ಸು? ಆದರೂ ಆ ರಾತ್ರಿ ನೋಟುಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದೆ. ಐದು ದಿನ ಉಳಿದರೆ ದಿನಕ್ಕೆಷ್ಟು ಬೇಕಾದೀತು?

ಲೆಕ್ಕದಲ್ಲಿ ನಾನು ಮೊದಲು ಎಡವಿದ್ದು ಒಮ್ಮೆ ಮಾತ್ರ ಆಗುವ ಖರ್ಚನ್ನೂ ದಿನದಿನದ ಖರ್ಚನ್ನೂ ಬೆರೆಸಿದ್ದರಿಂದ. ವಿಮಾನದ ದರ, ವೀಸಾ, ವಿಮೆ ಇವನ್ನು ಬೇರೆಯಾಗಿಯೇ ಇಡಬೇಕು. ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೊ. ವೀಸಾ ನಿರಾಕರಿಸಿದರೂ ಅದು ಹಿಂದಿರುಗದು. ವಿಮೆಯ ಮೊತ್ತ ಕನಿಷ್ಠ 30,000 ಯೂರೊ ಇರತಕ್ಕದ್ದು. ಇದಲ್ಲದೆ ಕೈಯಲ್ಲಿ ಹಣವಿದೆಯೆಂದೂ ತೋರಿಸಬೇಕು. ಹೋಟೆಲು ಕಾಯ್ದಿರಿಸಿದವರಿಗೆ ದಿನಕ್ಕೆ 65 ಯೂರೊ, ಇಲ್ಲದವರಿಗೆ 120 ಎಂದು ಫ್ರಾನ್ಸ್ ಗೊತ್ತುಪಡಿಸಿದೆ. ಆದುದರಿಂದ ಮಲಗುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲಾಭ.

ಇನ್ನು ದಿನದ ಬಾಬ್ತು. ಹಲವರು ಒಂದೇ ಕೋಣೆಯಲ್ಲಿ ಮಲಗುವ ಹಾಸ್ಟೆಲಿನಲ್ಲಿ ಒಂದು ಹಾಸಿಗೆಗೆ 40 ಯೂರೊ ಹಿಡಿದೆ. ತಲೆಗೆ ಇಷ್ಟೆಂದು ಪ್ರವಾಸಿ ತೆರಿಗೆಯೂ ಇರುವುದರಿಂದ, ಅದು ಈ ದರದಲ್ಲಿ ಸೇರಿದೆಯೇ ಎಂದು ಕೇಳಿ ತಿಳಿಯಬೇಕು. ಊಟಕ್ಕೆ 20 ಯೂರೊ. ಬೆಳಗ್ಗೆ ಅಂಗಡಿಯ ಬ್ರೆಡ್ಡು, ಹಣ್ಣು. ಮಧ್ಯಾಹ್ನ ರೋಜಿಯೆ ಬೀದಿಯ ಫಲಾಫೆಲ್. ಇದು ಕಾಬೂಲಿ ಕಡಲೆಯನ್ನು ರುಬ್ಬಿ ಕರಿದದ್ದು, ನಮ್ಮ ವಡೆಯ ದೂರದ ನೆಂಟ, ಸಸ್ಯಾಹಾರಿಗಳಿಗೂ ಸಲ್ಲುತ್ತದೆ. ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಅಗ್ಗ, ಕುರ್ಚಿಯಲ್ಲಿ ಕುಳಿತರೆ ದುಬಾರಿ. ಊಟದ ಜೊತೆ ‘ಕರಾಫ್ ದೋ’ ಎಂದು ಕೇಳಿದರೆ ನಲ್ಲಿಯ ನೀರನ್ನು ಹೂಜಿಯಲ್ಲಿ ಬಿಟ್ಟಿಯಾಗಿ ತಂದಿಡುತ್ತಾರೆ. ಬರಿದೇ ನೀರೆಂದರೆ ಸೀಸೆ ಬರುತ್ತದೆ, ಸೀಸೆಯ ಜೊತೆಗೆ ಬಿಲ್ಲೂ ಬರುತ್ತದೆ.

ಮೆಟ್ರೊ ಟಿಕೆಟನ್ನು 2025ರ ಜನವರಿಯಲ್ಲಿ 2.50 ಯೂರೊ ಏಕದರಕ್ಕೆ ತಂದರು. ದಿನಕ್ಕೆ ಮೂರು ಪ್ರಯಾಣ, 8 ಯೂರೊ, ಉಳಿದದ್ದು ನಡಿಗೆ.

ನೋಡುವ ಸ್ಥಳಗಳ ಮಾತು ವಿನೋದವಾಗಿದೆ. ನಾವು ಬಾಯಿಪಾಠ ಮಾಡಿದ ಬಾಸ್ಟಿಲ್ ಅಲ್ಲಿ ಇಲ್ಲವೇ ಇಲ್ಲ! 1789ರಲ್ಲೇ ಅದನ್ನು ಕೆಡವತೊಡಗಿದರು. ಈಗಿರುವುದು ಒಂದು ಚೌಕ. ಅದರ ನಡುವಣ ಕಂಬವೂ 1830ರ ಕ್ರಾಂತಿಯ ನೆನಪಿನದು. ಕೋಟೆಯ ತಳಪಾಯದ ತುಣುಕು ಮಾತ್ರ ಮೆಟ್ರೊದ ಐದನೆಯ ಮಾರ್ಗದ ನಿಲ್ದಾಣದಲ್ಲಿ ಕಾಣುತ್ತದೆ, ಅಂದರೆ ಟಿಕೆಟಿನ ಹಣದಲ್ಲೇ ದರ್ಶನ. ಕೋಟೆಯ ಕಲ್ಲಿನಲ್ಲೇ ಕಡೆದ ಅದರ ಮಾದರಿ ಕಾರ್ನವಾಲೆ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿನ ಶಾಶ್ವತ ಸಂಗ್ರಹಕ್ಕೆ ಪ್ರವೇಶ ಉಚಿತ. 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ನೋತ್ರ್ ದಾಮ್ ಚರ್ಚಿಗೂ ಹಣವಿಲ್ಲ. ಓರ್ಸೆ ಸಂಗ್ರಹಾಲಯ ತಿಂಗಳ ಮೊದಲ ಭಾನುವಾರ ಉಚಿತ. ಕೈ ಕಚ್ಚುವುದು ಲೂವ್ರ್. ಯೂರೋಪಿನ ಹೊರಗಿನವರಿಗೆ 2026ರ ಜನವರಿಯಿಂದ ಅಲ್ಲಿ 32 ಯೂರೊ. ಅಲ್ಲಿಯವರೇ ಆದ ನನ್ನ ವಯಸ್ಸಿನ ಹುಡುಗರಿಗೆ ಬಿಟ್ಟಿ. ಇದನ್ನು ಓದಿ ಮನಸ್ಸು ಸ್ವಲ್ಪ ಮುದುಡಿತು. ಆದರೂ ಬಿಡಲಿಲ್ಲ, ಬರೆದುಕೊಂಡೆ.

ಲೂವ್ರ್‌ಗೆ 32, ವಿಮಾನ ನಿಲ್ದಾಣದಿಂದ ಹೋಗಿಬರಲು 28, ಒಟ್ಟು 60. ಐದು ದಿನಕ್ಕೆ ಹಂಚಿದರೆ ದಿನಕ್ಕೆ 12. ಎಲ್ಲ ಕೂಡಿ 80. ಕೈಮೀರಿದ ಸಂದರ್ಭಕ್ಕೆಂದು 10 ಸೇರಿಸಿ 90. ಯೂರೊ ಒಂದಕ್ಕೆ ನೂರೇ ರೂಪಾಯಿ ಎಂದರೂ ದಿನಕ್ಕೆ 9,000. ಮಂಡಿಯಲ್ಲಿ ಮೂಟೆ ಹೊರುವ ನಮ್ಮ ತಂದೆಯವರ ಅರ್ಧ ತಿಂಗಳ ದುಡಿಮೆಗಿಂತ ಅದು ಹೆಚ್ಚು.

ಆ ಹಾಳೆಯನ್ನು ಬಚ್ಚಿಡಬೇಕೆಂದಿದ್ದೆ. ಅಪ್ಪನ ಕಣ್ಣಿಗೆ ಬಿತ್ತು. ಏನೆಂದು ಕೇಳಿದರು, ಹೇಳಿದೆ. ನಗಬಹುದೆಂದುಕೊಂಡೆ, ನಗಲಿಲ್ಲ. ಬೆರಳಿಟ್ಟು ಒಂದೊಂದೇ ಅಂಕಿಯನ್ನು ಕೇಳುತ್ತ ಬಂದು, “ಮಲಗೋಕೆ ನಲವತ್ತು, ತಿನ್ನೋಕೆ ಇಪ್ಪತ್ತೇನೋ? ದಿನವೆಲ್ಲ ನಡೆಯೋನಿಗೆ ಅಷ್ಟರಲ್ಲಿ ಹೊಟ್ಟೆ ತುಂಬುತ್ತಾ?” ಎಂದರು. ಊಟದ ಬಾಬ್ತನ್ನು 25 ಮಾಡಿದ್ದೇನೆ. ವಾಚಕರು ಮೇಲಿನ 90ನ್ನು 95 ಎಂದು ತಿದ್ದಿ ಓದಿಕೊಳ್ಳಬೇಕು.